ಪುಡಿಯಿಂದಾದ ಉಕ್ಕಿನಲ್ಲಿ ಬೋರಾನಿನ ಪಾತ್ರ

ಕಬ್ಬಿಣದ ಪುಡಿಯನ್ನು ಅಚ್ಚಿಗೆ ತುಂಬಿ, ಪ್ರಚಂಡ ಒತ್ತಡದಿಂದ ಅದುಮಿ, ಹಾಗೆ ದೊರೆತ ಭಂಗುರವಾದ ಗಟ್ಟಿಯನ್ನು ಪೂರ್ತಿ ಕರಗಲು ಬಿಡದೆ ಕಾಯಿಸಿ, ಕಣಕ್ಕೆ ಕಣ ಬೆಸೆದುಕೊಳ್ಳುವಂತೆ ಮಾಡುವ ಕ್ರಿಯೆಗೆ ಸಿಂಟರಿಂಗ್ ಎಂದು ಹೆಸರು. ಲೋಹವನ್ನು ಕೊರೆದು ಕತ್ತರಿಸಿ ವ್ಯರ್ಥಗೊಳಿಸದೆ, ಅಚ್ಚಿನಿಂದಲೇ ಬಹುಮಟ್ಟಿಗೆ ಸಿದ್ಧರೂಪದ ಹಲ್ಲುಚಕ್ರವನ್ನು ಪಡೆಯಬಹುದೆಂಬುದು ಈ ವಿದ್ಯೆಯ ಹೆಗ್ಗಳಿಕೆ. ಒಳಗೆ ಉಳಿದುಬಿಡುವ ಸೂಕ್ಷ್ಮರಂಧ್ರಗಳು ಅದರ ಹಳೆಯ ದೋಷ. ರಂಧ್ರರಹಿತವಾದ ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ 7.87 ಗ್ರಾಂ ಆದರೆ, 1120 ಡಿಗ್ರಿ ಸೆಲ್ಸಿಯಸ್ಸಿನ ಸಾಮಾನ್ಯ ಕುಲುಮೆಯಿಂದ ಹೊರಬರುವ ಭಾಗದ್ದು ಸುಮಾರು 7 ಗ್ರಾಂ. ಈ ಅಂತರವನ್ನು ತುಂಬಲು ನಡೆದ ಯತ್ನಗಳಲ್ಲಿ ಬೋರಾನಿನ ಪ್ರಯೋಗದಷ್ಟು ಆಶೆ ಹುಟ್ಟಿಸಿದ್ದೂ, ಅಷ್ಟೇ ಮಟ್ಟಿಗೆ ಕಾಡಿಸಿದ್ದೂ ಮತ್ತೊಂದಿಲ್ಲ.

ಕುಲುಮೆಯಲ್ಲಿ ಕೊಂಚ ದ್ರವ ಹುಟ್ಟಿದರೆ ಕಣಗಳು ಬೇಗ ಒತ್ತಾಗುವುವೆಂಬ ತತ್ತ್ವವನ್ನು 1920ರ ದಶಕದಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಟಂಗ್‌ಸ್ಟನ್ ಕಾರ್ಬೈಡ್–ಕೋಬಾಲ್ಟ್ ಉಪಕರಣಗಳು ಆಗಲೇ ತೋರಿಸಿಕೊಟ್ಟಿದ್ದುವು. ಅದೇ ತತ್ತ್ವವನ್ನು ಕಬ್ಬಿಣಕ್ಕೆ ಅನ್ವಯಿಸಹೊರಟವರಿಗೆ ತಾಮ್ರ ಮೊದಲು ಕೈಗೆ ಸಿಕ್ಕಿತು. ಆದರೆ 1085 ಡಿಗ್ರಿಯಲ್ಲಿ ಕರಗಿದ ತಾಮ್ರವು ಕಣಗಳ ನಡುವೆ ನುಸುಳಿ, ಕಬ್ಬಿಣದೊಳಗೇ ಲೀನವಾಗಿ, ಭಾಗವನ್ನು ಕುಗ್ಗಿಸುವ ಬದಲು ಹಿಗ್ಗಿಸುವುದು. ರಂಜಕವು ಕಬ್ಬಿಣದೊಡನೆ ಸುಮಾರು 1050 ಡಿಗ್ರಿಯಲ್ಲಿ ದ್ರವವಾಗುವುದಾದರೂ ಆ ದ್ರವ ಬಹುಕಾಲ ನಿಲ್ಲದು. ಕಬ್ಬಿಣವು ಅದನ್ನು ಬೇಗನೆ ಹೀರಿಬಿಡುತ್ತದೆ.

ಬೋರಾನಿನ ವಿಶೇಷವು ಇಲ್ಲಿಯೇ ಇದೆ. ಘನಕಬ್ಬಿಣದಲ್ಲಿ ಅದು ಕರಗುವ ಗರಿಷ್ಠ ಪ್ರಮಾಣ ಶೇಕಡ 0.02ರ ಆಸುಪಾಸು, ಅಂದರೆ ಐದು ಸಾವಿರದಲ್ಲಿ ಒಂದು ಪಾಲು. ಆದರೆ ಶೇಕಡ 3.8ರಷ್ಟು ಬೋರಾನ್ ಇರುವ ಮಿಶ್ರಣ ಸುಮಾರು 1175 ಡಿಗ್ರಿಯಲ್ಲಿಯೇ ದ್ರವಿಸುತ್ತದೆ. ಹೀಗಾಗಿ ದ್ರವವು ಕಬ್ಬಿಣವನ್ನು ಧಾರಾಳವಾಗಿ ತನ್ನೊಳಗೆ ಕರಗಿಸಿಕೊಳ್ಳುವುದಾದರೂ ತಾನು ಕಬ್ಬಿಣದಲ್ಲಿ ಮರೆಯಾಗದೆ ಕೊನೆಯವರೆಗೂ ಉಳಿದು, ಒಂದೆಡೆ ಕರಗಿಸಿದ ಲೋಹವನ್ನು ಮತ್ತೊಂದೆಡೆ ನಿಕ್ಷೇಪಿಸುತ್ತ, ರಂಧ್ರಗಳನ್ನು ಮುಚ್ಚುತ್ತದೆ. ನೂರು ಗ್ರಾಂ ಪುಡಿಗೆ 0.2 ಗ್ರಾಂ ಬೋರಾನ್ ಬೆರೆಸಿದರೆ ಐದು ಗ್ರಾಮಿಗೂ ಮಿಗಿಲಾದ ದ್ರವ ದೊರೆಯುವುದೆಂಬುದನ್ನು ಯಾರಾದರೂ ಭಾಗಿಸಿ ನೋಡಬಹುದು. ಎರಕದ ಉಕ್ಕನ್ನು ಗಡಸುಗೊಳಿಸಲು ಬೇಕಾಗುವುದು ಶೇಕಡ 0.003ರೊಳಗಿನ ಬೋರಾನ್ ಮಾತ್ರವಾದ್ದರಿಂದ, ಇಲ್ಲಿನ ಪ್ರಮಾಣ ಆ ವೃತ್ತಿಯವರಿಗೆ ವಿಪರೀತವೆನಿಸಿದ್ದರೆ ಆಶ್ಚರ್ಯವಿಲ್ಲ.

ಈ ಸಾಧ್ಯತೆಗೆ ಶಾಸ್ತ್ರೀಯವಾದ ವಿವರಣೆ ದೊರೆತದ್ದು 1980ರ ದಶಕದಲ್ಲಿ, ಅಮೆರಿಕದ ರ್ಯಾಂಡಲ್ ಜರ್ಮನ್ ಮತ್ತು ಅವರ ಸಂಗಡಿಗರಿಂದ. ಕರಗುವ ಉಷ್ಣತೆಯನ್ನು ಇಳಿಸಬೇಕು, ಮೂಲಲೋಹವು ಸೇರಿಕೆಯ ದ್ರವದಲ್ಲಿ ಕರಗಬೇಕು, ಸೇರಿಕೆ ಮಾತ್ರ ಮೂಲಲೋಹದಲ್ಲಿ ಕರಗಬಾರದು ಎಂಬೀ ಲಕ್ಷಣಗಳಿಂದ ಸೇರಿಕೆಗಳನ್ನು ಒರೆಹಚ್ಚಿದಾಗ ಬೋರಾನ್ ಮುಂದಿನ ಸಾಲಿಗೆ ಬಂದಿತು. ಮಾಲಿಬ್ಡಿನಮ್ಮಿನೊಡನೆ ಅದನ್ನು ಕೂಡಿಸಿದ ಉಕ್ಕುಗಳ ಅಧ್ಯಯನವೂ ಬೆಳೆಯಿತು.

ಸಾಂದ್ರತೆಯೇನೋ ಏರಿತು, ಆದರೆ ತಣಿಯುವಾಗ ಅದೇ ದ್ರವವು ಕಬ್ಬಿಣದ ಬೋರೈಡಾಗಿ ಗಟ್ಟಿಗೊಂಡು, ಹರಳುಗಳ ಸುತ್ತ ಅವಿಚ್ಛಿನ್ನವಾದ ಜಾಲವನ್ನು ಹೆಣೆಯಿತು. ಕಲ್ಲು ಎಷ್ಟೇ ಗಟ್ಟಿಯಾಗಿದ್ದರೂ ಗಾರೆ ಪೆಡಸಾದರೆ ಗೋಡೆಯ ಬಿರುಕು ಗಾರೆಯನ್ನೇ ಹಿಡಿದು ಹರಿಯುವಂತೆ, ಇಲ್ಲಿಯೂ ಒಡಕು ಆ ಜಾಲದಗುಂಟ ಹರಿಯತೊಡಗಿತು. ಇಂಗಾಲವಿದ್ದರೆ ದ್ರವ ಇನ್ನೂ ಕಡಮೆ ಉಷ್ಣತೆಯಲ್ಲಿ ಹುಟ್ಟುವುದು ಲಾಭವೇ, ಆದರೆ ಜಾಲದ ಪೆಡಸುತನ ಅದರಿಂದ ನೀಗದು. ಕುಲುಮೆಯ ವಾಯುವಿನದು ಇನ್ನೊಂದು ತೊಡಕು. ಕಾರ್ಖಾನೆಗೆ ಸುಲಭಬೆಲೆಯಲ್ಲಿ ಸಿಗುವ ಸಾರಜನಕವು ಬೋರಾನನ್ನು ನೈಟ್ರೈಡಾಗಿ ಕಟ್ಟಿಹಾಕುವುದರಿಂದ, ಜಲಜನಕವನ್ನೋ ಆರ್ಗಾನನ್ನೋ ನಿರ್ವಾತವನ್ನೋ ಆಶ್ರಯಿಸಬೇಕಾಗುತ್ತದೆ. ಆ ಖರ್ಚನ್ನು ಪ್ರಯೋಗಾಲಯ ತಾಳಿಕೊಂಡರೂ ಅಗ್ಗದ ಭಾಗಗಳನ್ನು ಲಕ್ಷಗಟ್ಟಲೆ ಮಾಡುವ ಕಾರ್ಖಾನೆ ತಾಳಲಾರದು.

1990ರ ದಶಕದಲ್ಲಿ ಇಟಲಿ ಮತ್ತು ಪೋಲೆಂಡಿನ ಸಂಶೋಧಕರು ತುಕ್ಕುಹಿಡಿಯದ 316ಎಲ್ ಉಕ್ಕಿಗೆ ಬೋರಾನನ್ನು ಬೆರೆಸಿದಾಗ ಕುತೂಹಲಕರವಾದ ಸಂಗತಿಯೊಂದು ಕಂಡಿತು: ಭಾಗದ ಹೊರಮೈಯಲ್ಲಿ ಬೋರೈಡು ಇಲ್ಲದ, ರಂಧ್ರಗಳೂ ವಿರಳವಾದ, ದಟ್ಟವಾದ ಪದರವೊಂದು ತಾನಾಗಿಯೇ ರೂಪುಗೊಂಡಿತ್ತು. ಸವೆತಕ್ಕೂ ತುಕ್ಕಿಗೂ ಮೊದಲು ಎದುರಾಗುವುದು ಮೈಯೇ ಆದ್ದರಿಂದ, ಈ ಶೋಧನೆಗೆ ಸಾಂದ್ರತೆಯ ಏರಿಕೆಗಿಂತಲೂ ಹೆಚ್ಚಿನ ಬೆಲೆ ಕೊಡಬೇಕೆಂದು ನನ್ನ ಮತ.

ಇಷ್ಟಾದರೂ ಅಚ್ಚಿನ ವೃತ್ತಿಯವರು ಬೋರಾನಿಗೆ ಮನಸೋಲದಿರಲು ಮುಖ್ಯಕಾರಣ ಪೆಡಸುತನವಲ್ಲ, ಕುಗ್ಗುವಿಕೆ. ಸಾಂದ್ರತೆ 7ರಿಂದ 7.6ಕ್ಕೆ ಏರಬೇಕಾದರೆ 50 ಮಿಲಿಮೀಟರ್ ವ್ಯಾಸದ ಹಲ್ಲುಚಕ್ರ 1.3 ಮಿಲಿಮೀಟರಿಗೂ ಮಿಗಿಲಾಗಿ ಕುಗ್ಗಲೇಬೇಕು; ಒತ್ತಡ ಎಲ್ಲೆಡೆ ಸಮನಾಗಿ ತಲುಪದ ಕಾರಣ ಆ ಕುಗ್ಗುವಿಕೆಯೂ ಸಮನಾಗಿರದು. ಮಿಲಿಮೀಟರಿನ ನೂರನೆಯ ಅಂಶಗಳಲ್ಲಿ ಲೆಕ್ಕವಿಡುವ ವೃತ್ತಿಗೆ ಇದು ಅಸಹನೀಯ. ಆದರೆ ಪುಡಿಯನ್ನು ಅಂಟಿನೊಡನೆ ಬೆರೆಸಿ ಅಚ್ಚಿಗೆ ಚುಚ್ಚುವ ವಿಧಾನದಲ್ಲಿ ಭಾಗವು ಹೇಗೂ ಶೇಕಡ 15ರಿಂದ 20ರಷ್ಟು ಕುಗ್ಗುತ್ತದೆ, ಅಚ್ಚನ್ನೂ ಆ ಎಣಿಕೆಯಿಂದಲೇ ಕಡೆದಿರುತ್ತಾರೆ. ಪುಡಿಯ ಪದರಗಳಿಗೆ ಅಂಟು ಸಿಂಪಡಿಸಿ ಮುದ್ರಿಸುವ ಹೊಸ ಕ್ರಮದಲ್ಲಿಯೂ ಕುಗ್ಗುವಿಕೆ ಮೊದಲೇ ಅಂಗೀಕೃತವಾದ ಸಂಗತಿ. ಅಲ್ಲಿ ತುಕ್ಕುಹಿಡಿಯದ ಉಕ್ಕಿಗೆ ಅಲ್ಪ ಬೋರಾನ್ ಬೆರೆಸಿ ಪೂರ್ಣಸಾಂದ್ರತೆಯನ್ನು ಸಮೀಪಿಸಿದ ಪ್ರಯೋಗಗಳು 2010ರ ನಂತರ ಪ್ರಕಟವಾಗಿವೆ. ಒತ್ತಿದ ಹಲ್ಲುಚಕ್ರದಲ್ಲಿ ಪೀಡೆಯೆನಿಸಿದ ಈ ಧಾತುವಿಗೆ ನ್ಯಾಯವಾದ ಕ್ಷೇತ್ರ ಇದೇ ಎಂದು ನಾನು ಬಗೆದಿದ್ದೇನೆ.