ಮನೆಪಟ್ಟಿ: ನಿರ್ಧಾರ, ತಕರಾರು ಮತ್ತು ಮೇಲ್ಮನವಿ

ಸ್ಥಳೀಯ ಸಂಸ್ಥೆಗೆ ವರ್ಷಕ್ಕೊಮ್ಮೆ ಕಟ್ಟುವ ಆಸ್ತಿ ತೆರಿಗೆಗೆ ಗದಗ ಸೀಮೆಯಲ್ಲಿ ಮನೆಪಟ್ಟಿ ಎನ್ನುತ್ತಾರೆ. ಗದಗ-ಬೆಟಗೇರಿಯಲ್ಲಿ ಇದನ್ನು ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿಗಳಲ್ಲಿ ಪುರಸಭೆ, ಶಿರಹಟ್ಟಿಯಲ್ಲಿ ಪಟ್ಟಣ ಪಂಚಾಯಿತಿ ವಸೂಲು ಮಾಡುತ್ತದೆ. ಎಲ್ಲಕ್ಕೂ ಕಾನೂನು ಒಂದೇ, 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಸ್ವಾತಂತ್ರ್ಯಕ್ಕೆ ಮುಂಚೆ ಹಾಗಿರಲಿಲ್ಲ. ಗದಗ ಮುಂಬೈ ಪ್ರಾಂತ್ಯದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ. ಹಳೆಯ ದಾಖಲೆ ತೆಗೆದರೆ ಊರಿಗೊಂದು ಪದ್ಧತಿ ಕಾಣುವುದು ಇದೇ ಕಾರಣಕ್ಕೆ.

ಮನೆಗೆ ಎಷ್ಟು ಬಾಡಿಗೆ ಬಂದೀತು ಎಂದು ಅಧಿಕಾರಿಯೇ ಅಂದಾಜು ಮಾಡಿ ತೆರಿಗೆ ಗೊತ್ತುಪಡಿಸುವ ರೂಢಿ ಬಹುಕಾಲ ನಡೆಯಿತು. 2002–03ರಿಂದ ಸ್ವಯಂ ಘೋಷಿತ ಪದ್ಧತಿ ಬಂತು. ಮಾಲೀಕನೇ ಅಳತೆ, ಬಳಕೆ, ಕಟ್ಟಡದ ವಯಸ್ಸು ಬರೆದು ಲೆಕ್ಕ ಹಾಕಿ ಕಟ್ಟಬೇಕು. ಕಚೇರಿ ಆಮೇಲೆ ಪರಿಶೀಲಿಸಬಹುದು. ಜವಾಬ್ದಾರಿ ಹೀಗೆ ಮಾಲೀಕನ ಹೆಗಲೇರಿತು, ಆದರೆ ನಮೂನೆ ತುಂಬಿಸುವ ಕೆಲಸವನ್ನು ಇಂದಿಗೂ ಬಹುಮಂದಿ ಬಿಲ್ ಕಲೆಕ್ಟರನಿಗೋ ಕಚೇರಿ ಎದುರಿನ ಅರ್ಜಿ ಬರೆಯುವವನಿಗೋ ಒಪ್ಪಿಸುತ್ತಾರೆ. ತಪ್ಪುಗಳ ಹುಟ್ಟು ಹೆಚ್ಚಾಗಿ ಅಲ್ಲಿಯೇ.

ಲೆಕ್ಕಕ್ಕೆ ಎರಡು ಭಾಗ. ಜಾಗಕ್ಕೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ. ಕಟ್ಟಡಕ್ಕೆ ನಿರ್ಮಾಣದ ಬಗೆಗೆ ತಕ್ಕ ದರ, ಅದರಲ್ಲಿ ವಯಸ್ಸಿಗೆ ತಕ್ಕ ಸವಕಳಿ ಕಳೆಯಬೇಕು. ಬಹುಕಾಲ 2005–06ರ ಮಾರ್ಗಸೂಚಿ ದರವೇ ಬುನಾದಿಯಾಗಿತ್ತು. ಮೂರು ವರ್ಷಕ್ಕೊಮ್ಮೆ ತೆರಿಗೆಯನ್ನು ಶೇ 15ರಿಂದ 30ರಷ್ಟು ಏರಿಸಬೇಕಿತ್ತು. ಕಾಯ್ದೆಯ 2021ರ ತಿದ್ದುಪಡಿ ತೆರಿಗೆಯನ್ನು ಚಾಲ್ತಿ ಮಾರ್ಗಸೂಚಿ ದರಕ್ಕೆ ಜೋಡಿಸಿತು. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಆ ದರಗಳೇ ಪರಿಷ್ಕರಣೆಯಾದವು. ತೆರಿಗೆಯ ಮೇಲೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3, ನಗರ ಸಾರಿಗೆ ಉಪಕರ ಶೇ 2 ಕೂಡುತ್ತವೆ. ₹2,000 ತೆರಿಗೆಗೆ ಉಪಕರವೇ ₹520. ಕಸ ವಿಲೇವಾರಿ ಶುಲ್ಕ ಬೇರೆ. ಚಲನ್ ಕಂಡು ಹೌಹಾರುವವರಲ್ಲಿ ಅನೇಕರು ಈ ಸಾಲುಗಳನ್ನು ಬಿಡಿಸಿ ಓದಿರುವುದಿಲ್ಲ.

ದರ, ಉಪಕರಗಳ ಬಗ್ಗೆ ಒಬ್ಬ ಮಾಲೀಕ ತಕರಾರು ತೆಗೆದು ಗೆಲ್ಲುವಂಥದ್ದು ಏನೂ ಇಲ್ಲ. ಅವು ಒಬ್ಬೊಬ್ಬರಿಗೆ ಬೇರೆಯಾಗುವಂಥವಲ್ಲ. ಗೆಲ್ಲಬಹುದಾದ ತಕರಾರು ಇರುವುದು ತನ್ನ ಮನೆಯ ವಿವರದಲ್ಲಿ: ಅಳತೆ, ಛಾವಣಿ, ವಯಸ್ಸು, ಬಳಕೆ. ಮಣ್ಣಿನ ಮಾಳಿಗೆ ಮನೆ ಆರ್‌ಸಿಸಿ ಎಂದು ದಾಖಲಾಗಿರುತ್ತದೆ. ಅಜ್ಜ ಕಟ್ಟಿಸಿದ ಮನೆಗೆ ಖಾತೆ ಬದಲಾದ ವರ್ಷವೇ ಕಟ್ಟಿದ ವರ್ಷವಾಗಿ ಸವಕಳಿ ಕೈತಪ್ಪುತ್ತದೆ. ಬೀದಿ ಕಡೆಯ ಒಂದೇ ಕೋಣೆಯಲ್ಲಿ ಕಿರಾಣಿ ಅಂಗಡಿ ಇದ್ದರೆ ಇಡೀ ಮನೆ ವಾಣಿಜ್ಯದ ಕಾಲಮ್ಮಿಗೆ ಹೋಗಿರುತ್ತದೆ. ವಾಸದ ಭಾಗ ಮತ್ತು ಅಂಗಡಿಯ ಭಾಗವನ್ನು ಬೇರೆ ಬೇರೆ ಅಳೆದು ತೋರಿಸಬೇಕು. ಮನೆಯೊಳಗೇ ಮಗ್ಗ ಹೂಡಿರುವ ಬೆಟಗೇರಿಯ ನೇಕಾರರು ಈ ಕಾಲಮ್ಮನ್ನು ಎರಡು ಸಲ ನೋಡುವುದು ಒಳ್ಳೆಯದು.

ಅಳತೆಯ ವಿಷಯದಲ್ಲಿ ಒಂದು ಎಚ್ಚರ. ತಳ ವಿಸ್ತೀರ್ಣ ಎಂದರೆ ಗೋಡೆಯ ದಪ್ಪವೂ ಸೇರಿ. ಹೊರಗಿನಿಂದ 30 ಅಡಿ, 20 ಅಡಿ ಇರುವ ಹಳೆಯ ಮನೆ 600 ಚದರಡಿ. ಎರಡಡಿ ಗೋಡೆಯ ಒಳಗೆ ಟೇಪು ಹಿಡಿದರೆ 416 ಮಾತ್ರ. ಒಳ ಅಳತೆ ಹಿಡಿದು ವಾದಿಸಿದವರು ಬರಿಗೈಲಿ ಬರುತ್ತಾರೆ. ಚದರಡಿಯ ಅಂಕಿ ಚದರ ಮೀಟರಿನ ಕಾಲಮ್ಮಿಗೆ ಬಿದ್ದಿದ್ದರೆ ಮಾತ್ರ ಮನೆ ಕಾಗದದ ಮೇಲೆ ಹತ್ತು ಪಟ್ಟು ಮೀರಿ ಬೆಳೆದಿರುತ್ತದೆ.

ಸಣ್ಣ ತಪ್ಪು ಸಣ್ಣದಾಗಿಯೇ ಉಳಿಯುವುದಿಲ್ಲ. ₹1,000ರ ತೆರಿಗೆ ಶೇ 15ರಂತೆ ಐದು ಸಲ ಏರಿದರೆ ₹2,011 ಆಗುತ್ತದೆ. ಮೂಲದಲ್ಲಿ ಹೆಚ್ಚಾಗಿ ಬಿದ್ದ ₹200 ಸಹ ಅದರ ಜೊತೆಗೆ ₹402 ಆಗಿರುತ್ತದೆ.

ತಕರಾರಿನ ಮೊದಲ ಮೆಟ್ಟಿಲು ಅದೇ ಕಚೇರಿ. ನಗರಸಭೆಯಲ್ಲಿ ಪೌರಾಯುಕ್ತರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಬೇಕು. ಇ-ಆಸ್ತಿ ತಂತ್ರಾಂಶದಿಂದ ಬರುವ ಖಾತಾ ದಾಖಲೆಯಾದ ನಮೂನೆ-3, ಖರೀದಿ ಪತ್ರ, ಸಿಟಿ ಸರ್ವೆ ಆದ ಕಡೆ ಸಿಟಿಎಸ್ ಉತಾರ, ಕಟ್ಟಡ ಪರವಾನಗಿ, ಹಳೆಯ ಪಾವತಿಗಳು, ಛಾವಣಿ ಕಾಣುವ ಫೋಟೋ ಜೊತೆಗಿರಲಿ. ಹಳೆಯ ರಿಜಿಸ್ಟರಿನ ನಕಲು ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಬಹುದು. 30 ದಿನದಲ್ಲಿ ಉತ್ತರ ಬರಬೇಕು. ಸ್ಥಳ ಪರಿಶೀಲನೆಗೆ ಕಂದಾಯ ನಿರೀಕ್ಷಕ ಬಂದಾಗ ಮನೆಯವರೊಬ್ಬರು ಟೇಪಿನ ಇನ್ನೊಂದು ತುದಿ ಹಿಡಿದು ಅಂಕಿಗಳನ್ನು ಬರೆದುಕೊಳ್ಳಲಿ. ಪರಿಶೀಲನೆಯ ನಂತರ ಕಚೇರಿಯೇ ತೆರಿಗೆ ಹೆಚ್ಚಿಸಿ ನೋಟಿಸು ಕೊಟ್ಟಿದ್ದರೆ, ಅದರಲ್ಲಿ ನಮೂದಿಸಿದ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು.

ಎಲ್ಲಕ್ಕಿಂತ ಮುಖ್ಯ, ಅರ್ಜಿಯ ಪ್ರತಿಯ ಮೇಲೆ ತಾರೀಖಿನ ಮೊಹರು. ‘ಆಯ್ತು, ನೋಡೋಣ ಬಿಡ್ರಿ’ ಎಂಬ ಉತ್ತರದ ಮೇಲೆ ಮೇಲ್ಮನವಿ ಹೋಗುವುದಿಲ್ಲ. ಲಿಖಿತ ಆದೇಶ ಬೇಕು. ಅದು ಬಾರದೆ ಹೋದರೆ ನಗರಸ್ಥಳೀಯ ಸಂಸ್ಥೆಗಳ ಮೇಲ್ವಿಚಾರಣೆ ನೋಡುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ ದೂರು ಕೊಡಬಹುದು. ಕಾಯ್ದೆಯಲ್ಲಿರುವ ದಾರಿಗಳೆಲ್ಲ ಮುಗಿದ ಮೇಲೆ ಉಳಿಯುವುದು ಹೈಕೋರ್ಟಿನ ಧಾರವಾಡ ಪೀಠ. ಅಲ್ಲಿಯ ವಕೀಲರ ಫೀ ಹತ್ತಾರು ವರ್ಷದ ಮನೆಪಟ್ಟಿಯನ್ನು ಮೀರೀತು. ಸಾಮಾನ್ಯ ಮನೆಗೆ ಅಲ್ಲಿಯತನಕ ಹೋಗುವುದು ಕೆಲಸಕ್ಕೆ ಬಾರದ ಹಟ.

ತಕರಾರು ಹಾಕಿದೆನೆಂದು ತೆರಿಗೆ ತಡೆಹಿಡಿಯಬಾರದು. ಏಪ್ರಿಲಿನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ, ಈ ಗಡುವನ್ನು ಸರ್ಕಾರ ಮುಂದೂಡುವುದೂ ಉಂಟು. ಬಾಕಿ ಉಳಿದರೆ ತಿಂಗಳಿಗೆ ಶೇ 2ರಂತೆ ದಂಡ ಏರುತ್ತದೆ. ಆಕ್ಷೇಪಣೆಯನ್ನು ಬರಹದಲ್ಲಿ ಕಾಯ್ದಿರಿಸಿಕೊಂಡು ಕಟ್ಟುವುದೇ ಲೇಸು.

ಅನಧಿಕೃತ ಬಡಾವಣೆಗಳ ಮನೆಗಳ ಮಾತು ಬೇರೆ. 2025ರಲ್ಲಿ ಇವಕ್ಕೂ ಬಿ-ಖಾತಾ (ಅನಧಿಕೃತ ಆಸ್ತಿಗಳ ಪ್ರತ್ಯೇಕ ಖಾತೆ) ಕೊಡುವ ಅಭಿಯಾನ ಆರಂಭವಾಯಿತು. ಮೊದಲ ಸಲ ದುಪ್ಪಟ್ಟು ತೆರಿಗೆ. ಅದು ನಿಯಮವೇ ಆದ್ದರಿಂದ ಲೆಕ್ಕದ ತಪ್ಪೆಂದು ವಾದಿಸಿ ಫಲವಿಲ್ಲ. ತೆರಿಗೆ ಪಾವತಿ ಮಾಲೀಕತ್ವದ ಪುರಾವೆಯೂ ಅಲ್ಲ.

ಆದೇಶ ಪರವಾಗಿ ಬಂದರೂ ಇ-ಆಸ್ತಿ ತಂತ್ರಾಂಶದಲ್ಲಿ ತಿದ್ದುಪಡಿ ಏರದಿದ್ದರೆ ಮುಂದಿನ ವರ್ಷದ ಚಲನ್ ಹಳೆಯ ಅಂಕಿಯನ್ನೇ ಮುದ್ರಿಸಿ ಕೊಡುತ್ತದೆ. ತಿದ್ದಿದ ನಮೂನೆ-3ನ್ನು ಕೇಳಿ ಪಡೆದು, ಹೆಚ್ಚಾಗಿ ಕಟ್ಟಿದ ಮೊತ್ತವನ್ನು ಮುಂದಿನ ಸಾಲಿಗೆ ಹೊಂದಿಸುವಂತೆ ಅದೇ ದಿನ ಇನ್ನೊಂದು ಅರ್ಜಿ ಕೊಡಬೇಕು.