ಆಟ ಮುಗಿಯಿತು, ಚಪ್ಪರ ಇಳಿಯಲಿಲ್ಲ

ಪರ್ತ್‌ನಲ್ಲಿರುವ ನಮ್ಮ ಬಳಗದವರು ಸಂಜೆ ಸ್ವಾನ್‌ಬೋರ್ನ್ ಕಡಲತೀರಕ್ಕೆ ಹೋದಾಗ ಮರಳದಿಬ್ಬಗಳ ಆಚೆಯಿಂದ ಒಮ್ಮೊಮ್ಮೆ ಗುಂಡಿನ ಸದ್ದು ಕೇಳಿಬರುವುದುಂಟು. ಅಲ್ಲಿರುವುದು ಕ್ಯಾಂಪ್‌ಬೆಲ್ ಬ್ಯಾರಕ್ಸ್, ಆಸ್ಟ್ರೇಲಿಯಾ ಸೈನ್ಯದ ವಿಶೇಷ ದಳವಾದ ಎಸ್.ಎ.ಎಸ್. ರೆಜಿಮೆಂಟಿನ ನೆಲೆ. ಊರಿನಿಂದ ಬಂದ ಅಪ್ಪ ಅಮ್ಮ "ಏನದು, ಪಟಾಕಿಯೇ?" ಎಂದು ಕೇಳುತ್ತಾರೆ. "ಮಿಲಿಟರಿಯವರ ಪ್ರಾಕ್ಟೀಸು" ಎಂದು ನಾವು ಮಾತು ಮುಗಿಸುತ್ತೇವೆ. ಆ ಪ್ರಾಕ್ಟೀಸಿಗೂ ನಾವು ಟಿಕೆಟ್ ಕೊಂಡು ನೋಡುವ ಆಟಗಳಿಗೂ ಹಳೆಯ ನಂಟಿದೆ. ಬ್ರಿಸ್ಬೇನ್‌ನಲ್ಲಿ 2032ರ ಒಲಿಂಪಿಕ್ಸ್‌ಗೆ ತಯಾರಿ ನಡೆದಿರುವ ಈ ದಿನಗಳಲ್ಲಿ ಆ ಕಥೆಯನ್ನು ನೆನಪಿಸಿಕೊಳ್ಳೋಣ ಎನ್ನಿಸಿತು.

ಕಥೆ ಶುರುವಾಗುವುದು ಪರ್ತ್‌ನಲ್ಲೇ. 1962ರ ನವೆಂಬರ್ 22ರಿಂದ ಡಿಸೆಂಬರ್ 1ರವರೆಗೆ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದದ್ದು ಈ ಬ್ಯಾರಕ್ಸ್‌ನಿಂದ ಕೆಲವೇ ಕಿಲೋಮೀಟರ್ ದೂರದ ಪೆರ್ರಿ ಲೇಕ್ಸ್ ಮೈದಾನದಲ್ಲಿ. ಭಾರತ ಆ ಕೂಟಕ್ಕೆ ತಂಡ ಕಳಿಸಲಿಲ್ಲ. ಚೀನಾ ಜೊತೆಗಿನ ಯುದ್ಧದಲ್ಲಿ ಕದನವಿರಾಮವಾಗಿ ಆಗಿನ್ನೂ ಒಂದು ದಿನವಾಗಿತ್ತು. ಪರ್ತ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿತ್ತು. ಸೈನಿಕರನ್ನು ಕರೆಸಿದ್ದರು, ನಿಜ. ಆದರೆ ಕರೆಸಿದ್ದು ಬಾಯಾರಿದ ಆಟಗಾರರಿಗೆ ನೀರು ಒದಗಿಸಲು! ನಮ್ಮ ಜಾತ್ರೆಗಳಲ್ಲಿ ಅರವಟಿಗೆ ಇಡುತ್ತಾರಲ್ಲ, ಹಾಗೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಕಾಲ ಬದಲಾಯಿತು. 1972ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನ ಕ್ರೀಡಾಗ್ರಾಮಕ್ಕೆ ಉಗ್ರರು ನುಗ್ಗಿದರು. ಇಸ್ರೇಲಿನ 11 ಆಟಗಾರರು, ತರಬೇತುದಾರರು ಸತ್ತರು. ಆಸ್ಟ್ರೇಲಿಯಾದ ನೆಲದಲ್ಲಿ ಬಾಂಬು ಸಿಡಿದದ್ದು 1978ರ ಫೆಬ್ರವರಿ 13ರಂದು, ಸಿಡ್ನಿಯ ಹಿಲ್ಟನ್ ಹೋಟೆಲಿನ ಎದುರು. ಕಾಮನ್‌ವೆಲ್ತ್ ನಾಯಕರ ಸಭೆಗೆಂದು ಬಂದಿದ್ದ ನಮ್ಮ ಪ್ರಧಾನಿ ಮೊರಾರ್ಜಿ ದೇಸಾಯಿ ಅದೇ ಹೋಟೆಲಿನಲ್ಲಿ ತಂಗಿದ್ದರು. ಸತ್ತವರು ಮಾತ್ರ ಇಬ್ಬರು ಪೌರಕಾರ್ಮಿಕರು, ಒಬ್ಬ ಪೊಲೀಸ್. ಸರ್ಕಾರ ನಾಯಕರ ಕಾವಲಿಗೆ ಸೈನ್ಯವನ್ನು ಬೀದಿಗಿಳಿಸಿತು. ಹಾಗೆ ಇಳಿಸಿದ ಸೈನಿಕನ ಅಧಿಕಾರವೇನು, ಮಿತಿಯೇನು ಎಂದು ಹೇಳುವ ಸ್ಪಷ್ಟ ಕಾನೂನು ಇರಲಿಲ್ಲ. ಅದರ ಬೆನ್ನಿಗೇ ಉಗ್ರರ ವಿರುದ್ಧ ಹೋರಾಡುವ ವಿಶೇಷ ತುಕಡಿಯೊಂದನ್ನು ಕಟ್ಟಿ, ಸ್ವಾನ್‌ಬೋರ್ನ್‌ನ ಈ ರೆಜಿಮೆಂಟಿಗೆ ಒಪ್ಪಿಸಿದರು.

ಇತ್ತ ಬ್ರಿಸ್ಬೇನ್ 1982ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸಿಂಗಾರವಾಗುತ್ತಿತ್ತು. ಭೂಮಿಯ ಹಕ್ಕಿಗಾಗಿ ಮೂಲನಿವಾಸಿಗಳು ಮಸ್‌ಗ್ರೇವ್ ಪಾರ್ಕ್‌ನಲ್ಲಿ ಬೀಡುಬಿಟ್ಟರು. ಜಗತ್ತಿನ ಕ್ಯಾಮೆರಾಗಳೆಲ್ಲ ಊರಿಗೆ ಬಂದಾಗ ನಮ್ಮ ಅಳಲು ಕೇಳಿಸೀತು ಎಂಬುದು ಅವರ ಲೆಕ್ಕಾಚಾರ. ಜೋ ಬ್ಯೆಲ್ಕಿ-ಪೀಟರ್ಸನ್ ಅವರ ರಾಜ್ಯ ಸರ್ಕಾರ ಕೂಟಕ್ಕೆಂದೇ ಒಂದು ಕಾನೂನು ತಂದು ಪೊಲೀಸರಿಗೆ ವಿಶೇಷ ಅಧಿಕಾರ ಕೊಟ್ಟಿತು. ಬೀದಿಗಿಳಿದ ನೂರಾರು ಮಂದಿ ಬಂಧನಕ್ಕೊಳಗಾದರು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ದೇಶದಲ್ಲೂ ಹಬ್ಬವಿತ್ತು. ದೆಹಲಿ ಏಷ್ಯಾಡ್ ಎಂದರೆ ನಮ್ಮ ತಲೆಮಾರಿಗೆ ಅಪ್ಪು ಆನೆ, ಕಲರ್ ಟಿ.ವಿ. ಹರಿಯಾಣದ ದಾರಿಯಲ್ಲಿ ದೆಹಲಿಗೆ ಹೊರಟ ಸಿಖ್ಖರಿಗೆ ಅದು ಬೇರೆಯೇ ನೆನಪು. ಅಕಾಲಿಗಳು ಪ್ರತಿಭಟನೆ ಮಾಡುತ್ತಾರೆಂದು ಬಸ್ಸು, ಕಾರು, ರೈಲುಗಳಿಂದ ಪೇಟ ತೊಟ್ಟವರನ್ನು ಇಳಿಸಿ ತಪಾಸಣೆ ಮಾಡಿದರು. ದೇಶಕ್ಕಾಗಿ ಯುದ್ಧ ಮಾಡಿದ ನಿವೃತ್ತ ಸೇನಾಧಿಕಾರಿಗಳನ್ನೂ ಬಿಡಲಿಲ್ಲ. ಟಿ.ವಿ. ಮುಂದೆ ಕೂತಿದ್ದ ನಮಗೆ ಅದು ಕಾಣಲೇ ಇಲ್ಲ.

ಕಾವಲು ಕಾಯುವವರೂ ಬೆಲೆ ತೆತ್ತಿದ್ದಾರೆ ಎಂಬುದನ್ನು ಮರೆಯಬಾರದು. 1996ರ ಜೂನ್ 12ರ ರಾತ್ರಿ ಟೌನ್ಸ್‌ವಿಲ್ ಬಳಿ, ಉಗ್ರರ ವಿರುದ್ಧದ ಕಾರ್ಯಾಚರಣೆಯ ಅಭ್ಯಾಸದಲ್ಲಿ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳು ಡಿಕ್ಕಿಯಾದವು. 18 ಸೈನಿಕರು ಸತ್ತರು. ಅವರಲ್ಲಿ 15 ಮಂದಿ ಈ ಸ್ವಾನ್‌ಬೋರ್ನ್ ರೆಜಿಮೆಂಟಿನವರು. ಕಡಲತೀರದಲ್ಲಿ ಗುಂಡಿನ ಸದ್ದು ಕೇಳಿ ಹುಬ್ಬುಗಂಟಿಕ್ಕುವಾಗ ಈ ಹದಿನೈದು ಮನೆಗಳೂ ನೆನಪಿಗೆ ಬರಬೇಕು.

ನಾಲ್ಕು ವರ್ಷದ ಮೇಲೆ ಸಿಡ್ನಿ ಒಲಿಂಪಿಕ್ಸ್ ಬಂತು. ಫುಟ್‌ಬಾಲ್ ಪಂದ್ಯಗಳಲ್ಲಿ ಕೆಲವು ಬ್ರಿಸ್ಬೇನ್‌ನ ಗ್ಯಾಬಾದಲ್ಲೂ ಅಡಿಲೇಡ್‌ನ ಹಿಂಡ್‌ಮಾರ್ಷ್ ಮೈದಾನದಲ್ಲೂ ನಡೆದವು. ಹಿಂಡ್‌ಮಾರ್ಷ್ ಎಂದರೆ ಮನೆಗಳ ನಡುವಿನ ಪುಟ್ಟ ಮೈದಾನ. ಒಲಿಂಪಿಕ್ಸ್ ಭದ್ರತೆಗೆ ನೆರವಾಗಲು ಸುಮಾರು 4,000 ಸೈನಿಕರು ನಿಯೋಜಿತರಾಗಿದ್ದರು. 1978ರಲ್ಲಿ ಕಾಣದಿದ್ದ ಕಾನೂನು ಈಗ ಹುಟ್ಟಿತು. ಕೂಟದ ಉದ್ಘಾಟನೆಗೆ ಕೆಲವೇ ದಿನ ಮುಂಚೆ, 2000ದ ಸೆಪ್ಟೆಂಬರಿನಲ್ಲಿ, ರಕ್ಷಣಾ ಕಾಯ್ದೆಗೆ ಹೊಸ ಭಾಗವೊಂದು ಸೇರಿತು. ಪೊಲೀಸರ ಕೈಮೀರಿದ ಹಿಂಸೆ ಒಳನಾಡಿನಲ್ಲಿ ನಡೆದರೆ ಸೈನ್ಯವನ್ನು ಕರೆಯಬಹುದು, ಜೀವ ಉಳಿಸಲು ಬೇರೆ ದಾರಿಯಿಲ್ಲದಿದ್ದರೆ ಸೈನಿಕ ಗುಂಡನ್ನೂ ಹಾರಿಸಬಹುದು ಎಂದಿತು. ಜೀವಹಾನಿಯಂಥ ಅಪಾಯವಿಲ್ಲದೆ ಪ್ರತಿಭಟನೆಯನ್ನಾಗಲೀ ಮುಷ್ಕರವನ್ನಾಗಲೀ ಸೈನ್ಯ ತಡೆಯಕೂಡದು ಎಂಬ ಬೇಲಿಯನ್ನೂ ಹಾಕಿತು. ಆ ಬೇಲಿಗೆ ನಾವು ಋಣಿಗಳಾಗಿರಬೇಕು.

ಕೂಟ ಶಾಂತವಾಗಿ ಮುಗಿಯಿತು. ಮದುವೆ ಮುಗಿದ ಮೇಲೆ ಚಪ್ಪರ ಇಳಿಸುವುದು ನಮ್ಮಲ್ಲಿ ಪದ್ಧತಿ. ಈ ಚಪ್ಪರ ಮಾತ್ರ ಇಳಿಯಲಿಲ್ಲ, ಇನ್ನೂ ದೊಡ್ಡದಾಯಿತು. 2006ರಲ್ಲಿ ಮೆಲ್ಬರ್ನ್ ಕಾಮನ್‌ವೆಲ್ತ್ ಕೂಟದ ಹೊತ್ತಿಗೆ ಆಕಾಶಕ್ಕೂ ಸಮುದ್ರಕ್ಕೂ ಚಾಚಿತು. 2018ರ ತಿದ್ದುಪಡಿ ಸೈನ್ಯವನ್ನು ಕರೆಯುವುದನ್ನು ಇನ್ನಷ್ಟು ಸುಲಭ ಮಾಡಿತು.

ಕಾನೂನು ಪಾಲಿಸುವ ನಮ್ಮಂಥವರಿಗೆ ಇದರಿಂದೇನು ಎಂದು ನಮ್ಮ ಕೂಟಗಳಲ್ಲಿ ಕೇಳುವವರಿದ್ದಾರೆ. ಅವರಿಗೆ 2007ರ ಜುಲೈ ನೆನಪಿಸಬೇಕು. ಬೆಂಗಳೂರಿನಲ್ಲಿ ಓದಿ ಗೋಲ್ಡ್ ಕೋಸ್ಟ್‌ನಲ್ಲಿ ಕೆಲಸ ಮಾಡುತ್ತಿದ್ದ ಡಾ. ಮೊಹಮ್ಮದ್ ಹನೀಫ್ ಅವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿ, ಆರೋಪವನ್ನೇ ಹೊರಿಸದೆ 12 ದಿನ ಇಟ್ಟುಕೊಂಡರು. ಆಮೇಲೆ ಹೊರಿಸಿದ ಆರೋಪ ಅದೇ ತಿಂಗಳು ಬಿದ್ದುಹೋಯಿತು. ಅದು ಆಟಕ್ಕೆಂದು ಮಾಡಿದ ಕಾನೂನಲ್ಲ, ಅಲ್ಲಿ ಸೈನ್ಯವೂ ಇರಲಿಲ್ಲ. ಆದರೆ ಭಯದ ಹೊತ್ತಿನಲ್ಲಿ ಕೊಟ್ಟ ಅಧಿಕಾರ ಯಾರ ಮನೆ ಬಾಗಿಲು ತಟ್ಟೀತು ಎಂದು ಮೊದಲೇ ಹೇಳಲಾಗದು. ಅಂದು ಅದು ಕನ್ನಡ ನಾಡಿನಿಂದ ಬಂದವನೊಬ್ಬನ ಬಾಗಿಲು ತಟ್ಟಿತ್ತು.

ಬ್ರಿಸ್ಬೇನ್‌ನಲ್ಲಿರುವ ನಮ್ಮವರ ಮನೆಗಳ ಮೇಲೂ ಮುಂದೆ ಹೆಲಿಕಾಪ್ಟರ್‌ಗಳು ಹಾರಾಡಬಹುದು. ನಾವು ಮಕ್ಕಳನ್ನು ಕರೆದುಕೊಂಡು ಆಟ ನೋಡಲು ಹೋಗುತ್ತೇವೆ, ಬಾಗಿಲಲ್ಲಿ ಚೀಲ ತೆರೆದು ತೋರಿಸುತ್ತೇವೆ, ಮ್ಯೂನಿಕ್ ಮತ್ತೆ ಆಗದಿರಲಿ ಎಂದು ಮನಸಾರೆ ಬಯಸುತ್ತೇವೆ. ಜೊತೆಗೆ, ಈ ಕೂಟಕ್ಕೆಂದು ಯಾವ ಕಾನೂನು ಬರುತ್ತಿದೆ, ಅದು ಯಾವ ದಿನ ಕೊನೆಗೊಳ್ಳುತ್ತದೆ, ಮಸ್‌ಗ್ರೇವ್ ಪಾರ್ಕ್‌ನಲ್ಲಿ ಸೇರುವವರಿಗೆ ಈ ಸಲ ಏನು ಕಾದಿದೆ ಎಂದು ಈಗಲೇ ಕೇಳೋಣ. ಮತದಾನದ ಹಕ್ಕಿರುವವರು ಸಂಸದರಿಗೆ ಒಂದು ಪತ್ರ ಬರೆದರೂ ಆದೀತು.

ಪೆರ್ರಿ ಲೇಕ್ಸ್ ಮೈದಾನ ಈಗಿಲ್ಲ, ಅಲ್ಲೀಗ ಮನೆಗಳೆದ್ದಿವೆ. ಒಂದು ಕಾಲಕ್ಕೆ ಸೈನಿಕರು ಅಲ್ಲಿ ನೀರು ಹಂಚಿದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಡೋಣ.