ವೀಳ್ಯದಿಂದ ಗುಟ್ಕಾವರೆಗೆ: ಸುರಪುರ ಸೀಮೆಯ ಬಾಯಿ ಕ್ಯಾನ್ಸರಿನ ಹಿನ್ನೆಲೆ

ಯಾದಗಿರಿ, ಶಹಾಪುರ, ಸುರಪುರದ ಕಡೆ ಮದುವೆಯ ಮಾತು ಗಟ್ಟಿಯಾಗುವುದು ಎಲೆಅಡಿಕೆ ಕೈಬದಲಾದ ಮೇಲೆಯೇ. ಆ ಹಳೆಯ ತಾಂಬೂಲದಲ್ಲಿ ತಂಬಾಕು ಇರಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ವೀಳ್ಯವನ್ನು ಬಾಯ್ತುಂಬ ಹೊಗಳಿದಾಗ ತಂಬಾಕು ಇನ್ನೂ ಅಮೆರಿಕದಲ್ಲೇ ಇತ್ತು.

ಅದು ಪೋರ್ಚುಗೀಸರ ಹಡಗೇರಿ ದಖ್ಖನಿಗೆ ಬಂತು. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಅದನ್ನು ಮೊದಲು ಕಂಡದ್ದು ಇಲ್ಲಿಗೆ ಸಮೀಪದ ಬಿಜಾಪುರದಲ್ಲಿ. ರತ್ನಖಚಿತ ಕೊಳವೆಯೊಂದಿಗೆ ಅವನು ಅದನ್ನು ಬಾದಶಹನ ಮುಂದಿಟ್ಟಾಗ, ತಮ್ಮ ಗ್ರಂಥಗಳಲ್ಲಿ ಈ ವಸ್ತುವಿನ ಹೆಸರೇ ಇಲ್ಲವೆಂದು ಹಕೀಮರು ತಕರಾರು ತೆಗೆದರು. ಅವರ ಅನುಮಾನ ಸರಿಯಾಗಿತ್ತು, ಕೇಳುವವರು ಇರಲಿಲ್ಲ.

ಆಸ್ಥಾನದ ಮಂದಿ ಹೊಗೆ ಸೇದಿದರೆ, ಹೊಲದ ಮಂದಿ ಜಗಿಯಲು ಕಲಿತರು. ಎಡ ಅಂಗೈ ಮೇಲೆ ತಂಬಾಕು, ಅದಕ್ಕೆ ಉಗುರಿನ ತುದಿಯಷ್ಟು ಸುಣ್ಣ. ಬಲ ಹೆಬ್ಬೆರಳಿಂದ ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸಿ, ಕೆನ್ನೆಯ ಸಂದಿಗೆ ಒತ್ತುವುದು. ಸುಣ್ಣದ ಕ್ಷಾರ ನಿಕೋಟಿನನ್ನು ಬೇಗ ಬಿಡಿಸುತ್ತದೆ, ಒಳಪದರವನ್ನೂ ಸುಡುತ್ತದೆ. ಚಂಚಿ ಬಿಚ್ಚುವ, ಅಡಕತ್ತರಿ ಹಿಡಿಯುವ, ಸುಣ್ಣ ಸವರುವ ಈ ಎಲ್ಲ ವ್ಯವಧಾನವನ್ನು ಗುಟ್ಕಾ ಪ್ಯಾಕೆಟ್ ಅಳಿಸಿಹಾಕಿತು. ಗುಳೆ ಹೋಗುವವನ ಅಂಗಿ ಜೇಬಿನಲ್ಲೂ ಅದಕ್ಕೆ ಜಾಗವಿತ್ತು. 2013ರ ಮೇ ತಿಂಗಳಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ ಒಂದು ಪ್ಯಾಕೆಟ್ಟಿಗೆ, ತಂಬಾಕು ಇನ್ನೊಂದಕ್ಕೆ ಹೋಯಿತು. ಕೊಂಡವನು ಎರಡನ್ನೂ ಬಾಯಲ್ಲೇ ಕೂಡಿಸಿಕೊಂಡ.

ಬಾಯಿ ಕೆಡಿಸುವುದರಲ್ಲಿ ಅಡಿಕೆಯದೂ ಪಾಲಿದೆ. ಬಾಯಿಯ ಒಳಚರ್ಮ ಬಿಗಿದು ಎರಡು ಬೆರಳೂ ತೂರದಂತಾಗುವ ರೋಗವನ್ನು 1953ರಲ್ಲಿ ಮುಂಬೈಯ ಎಸ್.ಜಿ. ಜೋಶಿ ವಿವರಿಸಿದರು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಸಾರಿತು. ಜಗಿಯುವವರಲ್ಲಿ ಗಡ್ಡೆ ಹೆಚ್ಚಾಗಿ ಹುಟ್ಟುವುದು ಉಂಡೆ ಕೂತ ಜಾಗದಲ್ಲೇ, ಕೆನ್ನೆ ಮತ್ತು ವಸಡಿನ ನಡುವೆ.

ಹೀಗೆ ಹುಟ್ಟಿದ ಗಡ್ಡೆಗೆ ಸಕ್ಕರೆಯ ಹಸಿವು ಹೆಚ್ಚು. ಆ ಹಸಿವಿನ ಗುಟ್ಟನ್ನು 1920ರ ದಶಕದಲ್ಲಿ ಜರ್ಮನಿಯ ಓಟ್ಟೋ ವಾರ್‌ಬರ್ಗ್ ಕಂಡುಕೊಂಡ: ಆಮ್ಲಜನಕ ಸಾಕಷ್ಟಿದ್ದರೂ ಕ್ಯಾನ್ಸರ್ ಕೋಶ ಸಕ್ಕರೆಯನ್ನು ಅರ್ಧಂಬರ್ಧ ಉರಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಈ ಕೆಲಸದ ಕಿಣ್ವವೇ ಎಲ್‌ಡಿಎಚ್. ಸಕ್ಕರೆಯನ್ನು ಕೋಶದೊಳಗೆ ಎಳೆದುಕೊಳ್ಳುವ ಗ್ಲೂಟ್-1 ಎಂಬ ಪ್ರೋಟೀನೂ ಗಡ್ಡೆಯಲ್ಲಿ ಹೆಚ್ಚುತ್ತದೆ. ಇವು ಏರಿದ ರೋಗಿಗಳ ಆಯುಷ್ಯ ಕಡಿಮೆಯೆಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಯಕೃತ್ತು ಕೆಟ್ಟರೂ, ರಕ್ತಕಣ ಒಡೆದರೂ ರಕ್ತದ ಎಲ್‌ಡಿಎಚ್ ಏರುತ್ತದೆ. ಅದೊಂದನ್ನೇ ನಂಬಿ ಭವಿಷ್ಯ ನುಡಿಯಲಾಗದು. ಕುತ್ತಿಗೆಯ ಗ್ರಂಥಿಗೆ ರೋಗ ಇಳಿದಿದೆಯೇ ಎಂಬುದೇ ಇಂದಿಗೂ ದೊಡ್ಡ ಸುಳಿವು: ಇಳಿದಿದ್ದರೆ ಬದುಕುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯುತ್ತದೆ.

1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆ ಮುಂದೆ ಕಲಬುರಗಿಯಲ್ಲೂ ಘಟಕ ತೆರೆಯಿತು. ಸುರಪುರದ ರೋಗಿಗೆ ರಾಜಧಾನಿಯ ರೈಲು ಹಿಡಿಯದೆ ಚಿಕಿತ್ಸೆ ಸಿಗುವಂತಾದದ್ದು ಆಮೇಲೆ.